ಉದ್ಘಾಟನೆ ಎಂಬ ಮಾತು



ಶಾಲೆ ಕಾಲೇಜುಗಳು ಆರಂಭವಾಗಿ ಒಂದೆರಡು ತಿಂಗಳು ಕಳೆಯುವಷ್ಟರಲ್ಲಿ ಸೂಚನಾ ಫಲಕದ ಮೇಲೆ ಒಂದು ಪದ ತಪ್ಪದೆ ಕಾಣಿಸಿಕೊಳ್ಳುತ್ತದೆ. ಕನ್ನಡ ಸಂಘದ ಉದ್ಘಾಟನೆ, ವಿಜ್ಞಾನ ಸಂಘದ ಉದ್ಘಾಟನೆ, ಕ್ರೀಡಾಕೂಟದ ಉದ್ಘಾಟನೆ. ಆಮಂತ್ರಣ ಪತ್ರಿಕೆಯಲ್ಲಿ ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ ಆದ ಮೇಲೆ ಅದರ ಸ್ಥಾನ. ವಂದನಾರ್ಪಣೆಗಿಂತ ಬಹಳ ಮೇಲೆ, ದಪ್ಪ ಅಕ್ಷರಗಳಲ್ಲಿ. ಇಷ್ಟು ಬಳಕೆಯ ಈ ಪದದ ಅರ್ಥವೇನು ಎಂದು ಕೇಳಿದರೆ, “ಆರಂಭ ಮಾಡುವುದು” ಎಂಬ ಉತ್ತರ ಬರುತ್ತದೆ. ಅದು ಪೂರ್ತಿ ತಪ್ಪಲ್ಲ, ಪೂರ್ತಿ ಸರಿಯೂ ಅಲ್ಲ. ಆರಂಭ ಎಂಬುದಕ್ಕೆ ಆರಂಭ ಎಂಬ ಪದವೇ ಇದೆಯಲ್ಲ! ಇನ್ನೊಂದು ಪದ ಏಕೆ ಬೇಕಾಯಿತು?

ಪದವನ್ನು ಬಿಡಿಸಿ ನೋಡೋಣ. ಉತ್ ಎಂಬ ಉಪಸರ್ಗ, ಘಟ್ ಎಂಬ ಸಂಸ್ಕೃತ ಧಾತು. ಘಟ್ ಎಂದರೆ ಕೂಡು, ಸೇರು. ಈ ಧಾತುವಿನ ಬಳಗ ನಿಮಗೆ ಹೊಸದಲ್ಲ. ಒಟ್ಟಾಗಿ ಸೇರಿಸುವುದು ಸಂಘಟನೆ. ಸೇರಿದ್ದು ಬೇರೆಯಾಗುವುದು ವಿಘಟನೆ. ರಸಾಯನಶಾಸ್ತ್ರದ ಪಾಠದಲ್ಲಿ ಸಂಯುಕ್ತವೊಂದು ಒಡೆದು ಬೇರೆಯಾಗುವಾಗ ಈ ಪದವನ್ನು ಓದಿರುತ್ತೀರಿ. ಒಂದು ದೊಡ್ಡ ವ್ಯವಸ್ಥೆಯೊಳಗೆ ಸೇರಿಕೊಂಡಿರುವ ಭಾಗ ಘಟಕ. ಇವುಗಳ ಸಾಲಿನಲ್ಲೇ ಉದ್ಘಾಟನೆಯೂ ನಿಲ್ಲುತ್ತದೆ: ಕೂಡಿ ಮುಚ್ಚಿದ್ದನ್ನು ತೆರೆಯುವುದು. ಎರಡು ಕದಗಳು ಸೇರಿ ಮುಚ್ಚಿಕೊಂಡಿವೆ, ಅಗಳಿ ಬಿದ್ದಿದೆ. ಅಗಳಿ ಸರಿಸಿ ಕದಗಳನ್ನು ದೂಡಿದರೆ ಅದು ಉದ್ಘಾಟನೆ. ಸಂಸ್ಕೃತದಲ್ಲಿ ಬಾಗಿಲು ತೆರೆಯುವ ಸಾಧನಕ್ಕೂ, ಎಂದರೆ ಕೀಲಿಕೈಗೂ, ಇದೇ ಪದವನ್ನು ಬಳಸಿರುವುದುಂಟು. ಉತ್ ಎಂದರೆ ಮೇಲಕ್ಕೆ ಎಂಬ ಅರ್ಥವೂ ಇರುವುದರಿಂದ, ಅಮರಕೋಶದಲ್ಲಿ ಬಾವಿಯಿಂದ ನೀರೆತ್ತುವ ಯಂತ್ರಕ್ಕೆ ಉದ್ಘಾಟನ ಎಂಬ ಹೆಸರಿದೆ. ವಿಜ್ಞಾನ ಓದಿದ ನನಗೆ ಈ ಅರ್ಥ ಬಹಳ ಹಿಡಿಸಿತು. ಬಾಗಿಲು, ಕೀಲಿಕೈ, ನೀರೆತ್ತುವ ಯಂತ್ರ: ಮೂರೂ ಕೈಯಿಂದ ಮಾಡುವ ಕೆಲಸದ ವಸ್ತುಗಳು. ವೇದಿಕೆ, ಹಾರ, ತುರಾಯಿ ಎಲ್ಲೂ ಇಲ್ಲ.

ಬರವಣಿಗೆಯ ಬಗ್ಗೆ ಒಂದು ಮಾತು. ‘ಉದ್ಗಾಟನೆ’, ‘ಉಧ್ಘಾಟನೆ’, ‘ಉದ್ಭಾಟನೆ’ ಎಂದೆಲ್ಲ ಬ್ಯಾನರುಗಳ ಮೇಲೆ ಬರೆದಿರುವುದನ್ನು ಕ್ಯಾಮೆರಾದ ಕಣ್ಣಿನಲ್ಲಿ ನೋಡಿ ನೋಡಿ ನನಗೆ ಸಾಕಾಗಿದೆ. ಉತ್ ಎಂಬಲ್ಲಿನ ತಕಾರ ಜಶ್ತ್ವ ಸಂಧಿಯಿಂದ ದಕಾರವಾಗುತ್ತದೆ, ಅದು ಅಲ್ಪಪ್ರಾಣವೇ. ಧಾತುವಿನ ಘಕಾರ ಮಹಾಪ್ರಾಣ. ಉದ್ಗಾರ ಎಂಬ ಪದದಲ್ಲಿ ಅಲ್ಪಪ್ರಾಣ ಗಕಾರವಿದೆ, ಏಕೆಂದರೆ ಅದರ ಧಾತು ಬೇರೆ. ಅದರ ಸಾದೃಶ್ಯದಿಂದಲೇ ಈ ತಪ್ಪು ಆಗುತ್ತದೆಂದು ಕಾಣುತ್ತದೆ. ಸಂಘಟನೆಯನ್ನು ನೆನಪಿಟ್ಟುಕೊಂಡರೆ ಘಕಾರ ತಪ್ಪುವುದಿಲ್ಲ.

ನಮ್ಮ ನೆರೆಯ ಭಾಷೆಗಳು ಇದೇ ಸಂದರ್ಭಕ್ಕೆ ಏನು ಹೇಳುತ್ತವೆ ನೋಡಿ. ಮಲಯಾಳದಲ್ಲಿ ಉದ್ಘಾಟನಂ. ತೆಲುಗಿನಲ್ಲಿ ಹೆಚ್ಚಾಗಿ ಪ್ರಾರಂಭೋತ್ಸವಂ. ತಮಿಳಿನಲ್ಲಿ ತಿರಪ್ಪು ವಿಳಾ. ಇದರಲ್ಲಿನ ತಿರಪ್ಪು ನಮ್ಮ ‘ತೆರೆ’ ಎಂಬ ಕ್ರಿಯಾಪದದ ಸೋದರಿಯೇ. ಇಂಗ್ಲಿಷಿನ ಇನಾಗುರೇಷನ್ ಬಂದ ದಾರಿ ಬೇರೆ. ಪ್ರಾಚೀನ ರೋಮಿನಲ್ಲಿ ಆಗರ್ ಎಂಬ ಪುರೋಹಿತರು ಹಕ್ಕಿಗಳ ಹಾರಾಟ ನೋಡಿ ಶಕುನ ಹೇಳುತ್ತಿದ್ದರು. ಶಕುನ ಒಳ್ಳೆಯದಾದರೆ ಅಧಿಕಾರಿಯನ್ನು ಪೀಠಕ್ಕೆ ಏರಿಸುವರು, ಸ್ಥಳವನ್ನು ಪವಿತ್ರವೆಂದು ಸಾರುವರು. ಹೀಗಾಗಿ ಆ ಪದ ಕಟ್ಟಡಕ್ಕೂ ಒಪ್ಪುತ್ತದೆ, ಮನುಷ್ಯರಿಗೂ ಒಪ್ಪುತ್ತದೆ. ನಮ್ಮದು ಹಾಗಲ್ಲ. ಅಮೆರಿಕದಲ್ಲಿ ಹೊಸ ಅಧ್ಯಕ್ಷರು ಜನವರಿ 20ರಂದು ಪ್ರಮಾಣವಚನ ಸ್ವೀಕರಿಸುವ ಸುದ್ದಿಯನ್ನು ಅವಸರದಲ್ಲಿ ಅನುವಾದಿಸುವವರು ‘ಅಧ್ಯಕ್ಷರ ಉದ್ಘಾಟನೆ’ ಎಂದು ಬರೆದುಬಿಡುವುದುಂಟು. ಮನುಷ್ಯನಿಗೆ ಕದವಿಲ್ಲ, ಅಗಳಿಯಿಲ್ಲ, ಅವನನ್ನು ಉದ್ಘಾಟಿಸಲಾಗದು! ಅಲ್ಲಿ ಪದಗ್ರಹಣ ಅಥವಾ ಅಧಿಕಾರ ಸ್ವೀಕಾರ ಎನ್ನಬೇಕು.

ಇದರ ಜೊತೆಯಲ್ಲಿ ಓಡಾಡುವ ಬೇರೆ ಪದಗಳೂ ಇವೆ. ವಿಗ್ರಹದ ಅಥವಾ ಭಾವಚಿತ್ರದ ಮೇಲಿನ ಮುಸುಕು ಸರಿಸುವುದು ಅನಾವರಣ. ಪುಸ್ತಕಕ್ಕೆ ಬಿಡುಗಡೆ ಅಥವಾ ಲೋಕಾರ್ಪಣೆ. ಜಾಥಾ, ರೈಲು, ಲಸಿಕಾ ಅಭಿಯಾನ, ಹೀಗೆ ಚಲಿಸುವಂಥವಕ್ಕೆ ಚಾಲನೆ. ಇವುಗಳಲ್ಲಿ ಗೊಂದಲ ಕಡಿಮೆ. ಸ್ವಲ್ಪ ನಿಂತು ನೋಡಬೇಕಾದದ್ದು ಶಂಕುಸ್ಥಾಪನೆ. ಶಂಕು ಎಂದರೆ ಗೂಟ. ಹಿಂದೆ ಕಟ್ಟಡ ಕಟ್ಟುವ ಮೊದಲು ಸಮತಟ್ಟಾದ ನೆಲದಲ್ಲಿ ಒಂದು ಗೂಟವನ್ನು ನೇರವಾಗಿ ನೆಟ್ಟು, ಅದನ್ನೇ ಕೇಂದ್ರವಾಗಿಟ್ಟುಕೊಂಡು ಹಗ್ಗದಿಂದ ವೃತ್ತ ಎಳೆಯುತ್ತಿದ್ದರು. ಬೆಳಿಗ್ಗೆ ಗೂಟದ ನೆರಳಿನ ತುದಿ ಪಶ್ಚಿಮದ ಕಡೆ ವೃತ್ತವನ್ನು ಮುಟ್ಟಿದಾಗ ಒಂದು ಗುರುತು. ಮಧ್ಯಾಹ್ನದ ಮೇಲೆ ಪೂರ್ವದ ಕಡೆ ಮುಟ್ಟಿದಾಗ ಇನ್ನೊಂದು ಗುರುತು. ಎರಡನ್ನೂ ಸೇರಿಸಿದರೆ ಪೂರ್ವ ಪಶ್ಚಿಮ ರೇಖೆ ಸಿಕ್ಕಿತು. ಈ ವಿಧಾನ ಕಾತ್ಯಾಯನರ ಶುಲ್ಬಸೂತ್ರದಲ್ಲಿದೆ. ನಿಮ್ಮ ಶಾಲೆಯ ಅಂಗಳದಲ್ಲಿ ಒಂದು ರಜಾದಿನ ಮಾಡಿ ನೋಡಬಹುದು, ಖರ್ಚಿಲ್ಲ. ಎಂದರೆ ಶಂಕುಸ್ಥಾಪನೆ ಎಂಬುದು ಮೂಲತಃ ಒಂದು ಅಳತೆಯ ಕೆಲಸ. ಇಂದು ಅದು ಅಡಿಗಲ್ಲು ಇಡುವ ಸಮಾರಂಭದ ಹೆಸರಾಗಿದೆ. ಬೆಂಗಳೂರಿನ ವಿಧಾನಸೌಧಕ್ಕೆ ಪ್ರಧಾನಿ ಜವಾಹರಲಾಲ್ ನೆಹರೂ ಅಡಿಗಲ್ಲು ಇಟ್ಟದ್ದು 1951ರ ಜುಲೈ 13ರಂದು. ಕಟ್ಟಡ ಮುಗಿದದ್ದು 1956ರಲ್ಲಿ. ಅಡಿಗಲ್ಲಿಗೂ ಉದ್ಘಾಟನೆಗೂ ನಡುವಿನ ಆ ಐದು ವರ್ಷಗಳೇ ನಿಜವಾದ ಕೆಲಸದ ಕಾಲ. ಅದಕ್ಕೆ ಮಾತ್ರ ಆಮಂತ್ರಣ ಪತ್ರಿಕೆ ಅಚ್ಚಾಗುವುದಿಲ್ಲ.

ಇನ್ನು ಉದ್ಘಾಟನೆಯ ಕ್ರಿಯೆಯನ್ನು ನೋಡಿ. ನಮ್ಮಲ್ಲಿ ದೀಪ ಬೆಳಗುವುದು ರೂಢಿ. ಕ್ಯಾಮೆರಾದವರಿಗೆ ಅದು ಆತಂಕದ ಕ್ಷಣ. ಅತಿಥಿಗಳು ಮೇಣದ ಬತ್ತಿ ಹಿಡಿದು ಬಾಗಿದ್ದಾರೆ, ಬತ್ತಿ ಹೊತ್ತುತ್ತಿಲ್ಲ, ಮೇಲೆ ಫ್ಯಾನು ತಿರುಗುತ್ತಿದೆ. ಉರಿಯುವುದು ಬತ್ತಿಯ ನೂಲಲ್ಲ, ಅದರ ಮೂಲಕ ಮೇಲೇರಿ ಆವಿಯಾದ ಎಣ್ಣೆ. ಬತ್ತಿ ಮೊದಲೇ ಎಣ್ಣೆಯಲ್ಲಿ ನೆನೆದಿರದಿದ್ದರೆ ಆವಿ ಎಲ್ಲಿಂದ ಬರಬೇಕು? ತುದಿಗೆ ಚಿಟಿಕೆ ಕರ್ಪೂರ ಇಟ್ಟರೆ ಅದು ಬೇಗ ಆವಿಯಾಗಿ ಹೊತ್ತಿಕೊಳ್ಳುತ್ತದೆ. ಮುಂದಿನ ಸಮಾರಂಭಕ್ಕೆ ನೀವೇ ಕಾರ್ಯದರ್ಶಿಗಳಾದರೆ ಇದನ್ನು ಮರೆಯಬೇಡಿ.

ರಿಬ್ಬನ್ನಿನ ಕಥೆ ಇನ್ನೂ ಸ್ವಾರಸ್ಯ. 1932ರ ಮಾರ್ಚ್ 19ರಂದು ಆಸ್ಟ್ರೇಲಿಯದ ಸಿಡ್ನಿ ಬಂದರಿನ ದೊಡ್ಡ ಸೇತುವೆಯ ಉದ್ಘಾಟನೆ. ನ್ಯೂ ಸೌತ್ ವೇಲ್ಸ್ ರಾಜ್ಯ ಸರ್ಕಾರದ ಮುಖ್ಯಸ್ಥ ಜಾಕ್ ಲ್ಯಾಂಗ್ ರಿಬ್ಬನ್ ಕತ್ತರಿಸಬೇಕು. ಅಷ್ಟರಲ್ಲಿ ಅವರ ರಾಜಕೀಯ ವಿರೋಧಿ ಫ್ರಾನ್ಸಿಸ್ ಡಿ ಗ್ರೂಟ್ ಎಂಬಾತ ಸೈನಿಕನ ಉಡುಪಿನಲ್ಲಿ ಕುದುರೆ ಏರಿ ಬಂದು, ಕತ್ತಿಯಿಂದ ರಿಬ್ಬನ್ ಕಡಿದೇಬಿಟ್ಟ! ಪೊಲೀಸರು ಅವನನ್ನು ಹಿಡಿದುಕೊಂಡು ಹೋದರು. ರಿಬ್ಬನ್ನನ್ನು ಮತ್ತೆ ಗಂಟುಹಾಕಿ, ಲ್ಯಾಂಗ್ ಅವರ ಕೈಯಲ್ಲಿ ಕತ್ತರಿಸಿದರು. ಇವೆರಡರಲ್ಲಿ ಯಾವುದು ಉದ್ಘಾಟನೆ? ನನ್ನ ಅಭಿಪ್ರಾಯದಲ್ಲಿ ಎರಡೂ ಅಲ್ಲ. ಆ ದಿನ ಜನ ಸೇತುವೆಯ ಮೇಲೆ ಈ ದಡದಿಂದ ಆ ದಡಕ್ಕೆ ನಡೆದರಲ್ಲ, ಅದು.

ಬಾಗಿಲೇ ಇಲ್ಲದ ಸಂಗತಿಗಳಿಗೂ ನಾವು ಈ ಪದ ಬಳಸುತ್ತೇವೆ. ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಲ್ಲದೆ ಉದ್ಘಾಟಕರೂ ಇರುತ್ತಾರೆ. ಮೈಸೂರು ದಸರಾ ಚಾಮುಂಡಿ ಬೆಟ್ಟದಲ್ಲಿ ಉದ್ಘಾಟನೆಯಾಗುತ್ತದೆ. 2017ರಲ್ಲಿ ಕವಿ ಕೆ.ಎಸ್. ನಿಸಾರ್ ಅಹಮದ್, 2025ರಲ್ಲಿ ಕಥೆಗಾರ್ತಿ ಬಾನು ಮುಷ್ತಾಕ್ ಉದ್ಘಾಟಕರಾಗಿದ್ದರು. ಇಲ್ಲಿ ಕದವಿಲ್ಲದಿದ್ದರೂ ಪದ ಸಲ್ಲುತ್ತದೆ, ಏಕೆಂದರೆ ‘ಇನ್ನು ಎಲ್ಲರೂ ಬನ್ನಿ’ ಎಂಬ ಸೂಚನೆ ಇಲ್ಲಿಯೂ ಇದೆ. ಪದ ಸಲ್ಲುವುದೋ ಇಲ್ಲವೋ ಎಂಬ ಅನುಮಾನ ಬಂದಾಗ ನಾನು ಕೇಳಿಕೊಳ್ಳುವ ಪ್ರಶ್ನೆ ಇಷ್ಟೇ: ಏನು ತೆರೆಯಿತು, ಯಾರಿಗಾಗಿ ತೆರೆಯಿತು?

ಈ ಪ್ರಶ್ನೆಗೆ ಉತ್ತರ ಸಿಗದ ಉದ್ಘಾಟನೆಗಳೂ ಇವೆ. ಕೆಲವು ವರ್ಷಗಳ ಹಿಂದೆ ಒಂದು ಊರಿನ ಪ್ರೌಢಶಾಲೆಯ ಹೊಸ ಪ್ರಯೋಗಾಲಯದ ಸಮಾರಂಭವನ್ನು ನಮ್ಮ ತಂಡ ಚಿತ್ರೀಕರಿಸಿತ್ತು. ಊರಿನ ಹೆಸರು ಬೇಡ. ಭಾಷಣಗಳು ಚೆನ್ನಾಗಿದ್ದವು, ಊಟವೂ ಚೆನ್ನಾಗಿತ್ತು. ಮರುವರ್ಷ ಬೇರೊಂದು ಕಾರ್ಯಕ್ರಮಕ್ಕೆ ಅದೇ ಶಾಲೆಗೆ ಹೋದಾಗ ಪ್ರಯೋಗಾಲಯದ ಬಾಗಿಲಿಗೆ ಬೀಗ ಬಿದ್ದಿತ್ತು. ಹಿಂದಿನ ವರ್ಷದ ರಿಬ್ಬನ್ನಿನ ಒಂದು ತುಂಡು ಚಿಲಕದಲ್ಲಿ ಹಾಗೆಯೇ ನೇತಾಡುತ್ತಿತ್ತು. ಮಕ್ಕಳು ಗಾಜಿನ ಸಾಮಾನು ಒಡೆಯುತ್ತಾರೆಂದು ತೆರೆಯುವುದಿಲ್ಲವಂತೆ. ಒಬ್ಬ ಹುಡುಗ ಕಿಟಕಿಯ ಸಂದಿನಿಂದ ನನಗೆ ಒಳಗಿದ್ದ ಬ್ಯುರೆಟ್ಟನ್ನು ತೋರಿಸಿ, “ಅದರಲ್ಲಿ ಏನು ಮಾಡ್ತಾರೆ ಸಾರ್?” ಎಂದು ಕೇಳಿದ. ಅವನು ಆಗ ಹತ್ತನೆಯ ತರಗತಿಯಲ್ಲಿದ್ದ.

ತೆರೆದಿದೆ ಎಂದು ಸಾರಿದ ಮಾತ್ರಕ್ಕೆ ತೆರೆಯುವುದಿಲ್ಲ ಎಂಬುದಕ್ಕೆ ನಮ್ಮ ದೇಶದ ಚರಿತ್ರೆಯಲ್ಲಿ ಇದಕ್ಕಿಂತ ಬಹಳ ದೊಡ್ಡ ನಿದರ್ಶನವಿದೆ. 1923ರಲ್ಲಿ ಮುಂಬಯಿ ಪ್ರಾಂತದ ವಿಧಾನ ಪರಿಷತ್ತು ಎಸ್.ಕೆ. ಬೋಲೆ ಅವರು ತಂದ ನಿರ್ಣಯವೊಂದನ್ನು ಅಂಗೀಕರಿಸಿತು. ಸಾರ್ವಜನಿಕ ಕೆರೆ, ಬಾವಿ, ಶಾಲೆಗಳು ಅಸ್ಪೃಶ್ಯರೆನಿಸಿಕೊಂಡವರಿಗೂ ಮುಕ್ತ ಎಂಬುದು ಅದರ ಸಾರ. 1924ರಲ್ಲಿ ಮಹಾಡ್ ಪಟ್ಟಣದ ಪುರಸಭೆಯೂ ತನ್ನ ಚವದಾರ್ ಕೆರೆ ಎಲ್ಲರಿಗೂ ಮುಕ್ತವೆಂದು ನಿರ್ಣಯಿಸಿತು. ಕಾಗದದ ಮೇಲೆ ಕೆರೆ ತೆರೆಯಿತು. ಆದರೆ ಅವರಾರೂ ಅಲ್ಲಿ ನೀರು ಮುಟ್ಟುವಂತಿರಲಿಲ್ಲ. 1927ರ ಮಾರ್ಚ್ 20ರಂದು ಡಾ. ಬಿ.ಆರ್. ಅಂಬೇಡ್ಕರ್ ಸಾವಿರಾರು ಜನರೊಂದಿಗೆ ಮೆರವಣಿಗೆಯಲ್ಲಿ ನಡೆದುಹೋಗಿ ಆ ಕೆರೆಯ ನೀರನ್ನು ಕುಡಿದರು. ಅದರ ಹಿಂದೆಯೇ ಅವರಲ್ಲಿ ಹಲವರ ಮೇಲೆ ಹಲ್ಲೆ ನಡೆಯಿತು. ವ್ಯಾಜ್ಯ ನ್ಯಾಯಾಲಯಕ್ಕೆ ಹೋಗಿ, ಮುಂಬಯಿ ಹೈಕೋರ್ಟು ಅವರ ಹಕ್ಕನ್ನು ಎತ್ತಿಹಿಡಿದದ್ದು 1937ರಲ್ಲಿ. ನಿರ್ಣಯದಿಂದ ತೀರ್ಪಿನವರೆಗೆ ಹದಿನಾಲ್ಕು ವರ್ಷ. ಅಲ್ಲಿ ದೀಪವಿರಲಿಲ್ಲ, ಕತ್ತರಿಯಿರಲಿಲ್ಲ, ಯಾರನ್ನೂ ಉದ್ಘಾಟಕರೆಂದು ಕರೆದಿರಲಿಲ್ಲ. ನೀರೆತ್ತುವುದೂ ಉದ್ಘಾಟನೆಯೇ ಎಂಬ ಹಳೆಯ ಅರ್ಥವನ್ನು ಓದಿದಾಗಲೆಲ್ಲ ನನಗೆ ಆ ಕೆರೆ ನೆನಪಾಗುತ್ತದೆ.

ನಿಮ್ಮ ಆಮಂತ್ರಣ ಪತ್ರಿಕೆಗೆ ಬರೋಣ. ‘ಉದ್ಘಾಟಿಸುವರು’ ಅಥವಾ ‘ಉದ್ಘಾಟನೆ ಮಾಡುವರು’ ಎಂದರೆ ಸಾಕು. ‘ಉದ್ಘಾಟನಾ ಸಮಾರಂಭದ ಉದ್ಘಾಟನೆ’ ಎಂದು ಬರೆಯಬೇಡಿ. ಸಮಾರಂಭ ತಾನೇ ತೆರೆದುಕೊಳ್ಳುತ್ತದೆ, ತೆರೆಯಬೇಕಾದದ್ದು ಸಂಘ. ‘ಅಮೃತ ಹಸ್ತದಿಂದ’ ಎಂಬುದನ್ನು ಬಿಟ್ಟರೂ ಅತಿಥಿಗಳು ಬೇಸರಪಡುವುದಿಲ್ಲ. ಕ್ರಿಯೆ ದೀಪವೇ ಆಗಬೇಕೆಂಬ ನಿಯಮವೂ ಇಲ್ಲ. ಒಂದು ಕಾಲೇಜಿನ ಸಸ್ಯಶಾಸ್ತ್ರ ಸಂಘದ ವಿದ್ಯಾರ್ಥಿಗಳು ವೇದಿಕೆಯ ಮೇಲೆ ಸೂಕ್ಷ್ಮದರ್ಶಕ ಇಟ್ಟು, ಈರುಳ್ಳಿಯ ಸಿಪ್ಪೆಯ ಪೊರೆಯನ್ನು ಗಾಜಿನ ಪಟ್ಟಿಯ ಮೇಲೆ ಸಿದ್ಧಮಾಡಿದ್ದರು. ಮುಖ್ಯ ಅತಿಥಿಗಳು ಅದರ ಮೇಲಿನ ಬಟ್ಟೆ ತೆಗೆದು, ಕಣ್ಣಿಟ್ಟು ನೋಡಿ, ಪಕ್ಕಕ್ಕೆ ಸರಿದು, ಮುಂದಿನ ಸಾಲಿನಲ್ಲಿದ್ದ ವಿದ್ಯಾರ್ಥಿನಿಯನ್ನು ಕರೆದರು. ಅವಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಮತ್ತೊಬ್ಬ. ಸಾಲು ಸಭಾಂಗಣದ ಬಾಗಿಲಿನವರೆಗೆ ಬೆಳೆಯಿತು. ವಂದನಾರ್ಪಣೆ ಮಾಡಬೇಕಿದ್ದ ಹುಡುಗ ಚೀಟಿ ಹಿಡಿದು ಸ್ವಲ್ಪ ಹೊತ್ತು ಕಾದ. ಆಮೇಲೆ ಅದನ್ನು ಜೇಬಿಗೆ ಹಾಕಿಕೊಂಡು ತಾನೂ ಸಾಲಿನಲ್ಲಿ ನಿಂತ.