ಗಪ್ಪಿ ಮೀನಿನ ಮರಿಗಳ ಪಾಲನೆ



ಕಡಲ ಕರೆಯಲ್ಲಿ ವಾಸಿಸುವವರು ಮೀನನ್ನು ಸಾಕುವ ವಿಚಾರವಾಗಿ ಮಾತನಾಡುವುದು ಕೊಂಚ ವಿನೋದವಾಗಿಯೇ ತೋರಬಹುದು. ಸಾಸ್ತಾನದ ನಮ್ಮ ಮನೆಯ ಜಗಲಿಯಲ್ಲಿ ಮೊದಲನೆಯ ಗಾಜಿನ ತೊಟ್ಟಿಯನ್ನು ಇರಿಸಿದ ದಿನ ನೆರೆಮನೆಯ ಹಿರಿಯರೊಬ್ಬರು ಬಂದು ಅದನ್ನು ಬಹಳ ಹೊತ್ತು ನೋಡಿದರು. ಒಂದು ಕಡೆ ಕಡಲು, ಇನ್ನೊಂದು ಕಡೆ ಹಂಗಾರಕಟ್ಟೆಯ ಅಳಿವೆ, ಬೇಕಾದಷ್ಟು ಮೀನು ಸಿಕ್ಕುವಲ್ಲಿ, ಸಾರಿಗೂ ಒದಗದ ಈ ಬೆರಳುಗುರಿನಷ್ಟು ಪ್ರಾಣಿಗೆ ಅರಮನೆ ಕಟ್ಟಿಸಿದುದೇಕೆಂದು ಅವರು ಕೇಳಿದರು. ಆಗ ನಮಗೆ ಸರಿಯಾದ ಉತ್ತರ ಹೊಳೆಯಲಿಲ್ಲ.

ಗಪ್ಪಿಯ ತವರು ದಕ್ಷಿಣ ಅಮೆರಿಕದ ಈಶಾನ್ಯ ಭಾಗ ಮತ್ತು ಅದರ ಸಮೀಪದ ಟ್ರಿನಿಡಾಡ್ ಮೊದಲಾದ ದ್ವೀಪಗಳು. ಪೀಟರ್ಸ್ ಎಂಬ ಜರ್ಮನ್ ಪಂಡಿತರು 1859ರಲ್ಲಿಯೇ ಇದನ್ನು ವರ್ಣಿಸಿದ್ದರು. ಆದರೂ ಟ್ರಿನಿಡಾಡಿನಿಂದ ಲಂಡನ್ನಿನ ವಸ್ತುಸಂಗ್ರಹಾಲಯಕ್ಕೆ ಮಾದರಿಗಳನ್ನು ಕಳುಹಿಸಿದ ಗಪ್ಪಿ ಎಂಬವರ ಹೆಸರೇ ಲೋಕದಲ್ಲಿ ನಿಂತಿತು. ನಮ್ಮ ದೇಶಕ್ಕೆ ಇದು ಬಂದುದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಅಲಂಕಾರಕ್ಕಿಂತ ಹೆಚ್ಚಾಗಿ ಸೊಳ್ಳೆಯ ಮರಿಗಳನ್ನು ತಿನ್ನಿಸುವ ಉದ್ದೇಶದಿಂದ.

ಈ ಮೀನು ಮೊಟ್ಟೆಯಿಡುವುದಿಲ್ಲ. ಜೀವಂತ ಮರಿಗಳನ್ನೇ ಹೆರುತ್ತದೆ. ಒಮ್ಮೆ ಗಂಡಿನೊಡನೆ ಕೂಡಿದ ಹೆಣ್ಣು ಆ ಬೀಜವನ್ನು ತಿಂಗಳುಗಟ್ಟಲೆ ಒಡಲಿನಲ್ಲಿರಿಸಿಕೊಂಡು, ಮೂರು ನಾಲ್ಕು ವಾರಗಳಿಗೊಮ್ಮೆ ಇಪ್ಪತ್ತರಿಂದ ಐವತ್ತರವರೆಗೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ಮರಿಗಳನ್ನು ಹಾಕುವುದುಂಟು. ಹೆರಿಗೆ ಸಮೀಪಿಸಿದಂತೆ ಹೊಟ್ಟೆಯ ಹಿಂಭಾಗದ ಕಪ್ಪು ಮಚ್ಚೆ ದಟ್ಟವಾಗಿ, ಹೊಟ್ಟೆಯು ಚೌಕಾಕಾರಕ್ಕೆ ತಿರುಗುತ್ತದೆ. ಆದರೆ ಹೆತ್ತ ತಾಯಿಯೇ ಮರಿಗಳನ್ನು ನುಂಗುವ ಸ್ವಭಾವ ಇದಕ್ಕುಂಟು. ಆದುದರಿಂದ ತೊಟ್ಟಿಯಲ್ಲಿ ನೀರ ಜೊಂಡನ್ನು ದಟ್ಟವಾಗಿ ಬೆಳೆಸಿ ಮರಿಗಳಿಗೆ ಮರೆಯಾಗುವ ಎಡೆಯನ್ನು ಒದಗಿಸಬೇಕು. ಅಂತರಗಂಗೆಯ ಜೋಲುಬೇರುಗಳೂ ಇದಕ್ಕೆ ಚೆನ್ನಾಗಿ ಒದಗುತ್ತವೆ. ಹೆರಿಗೆಯಾದ ಕೂಡಲೆ ತಾಯಿಯನ್ನು ಬೇರೆಡೆಗೆ ಸಾಗಿಸುವುದು ಲೇಸು. ಮರಿಗಳನ್ನು ಬಲೆಯಿಂದ ಹಿಡಿಯಹೋದರೆ ಅವಕ್ಕೆ ಗಾಯವಾಗುತ್ತದೆ.

ಇನ್ನು ನೀರಿನ ವಿಚಾರ. ನಮ್ಮ ಕರಾವಳಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಎಚ್ಚರಿಕೆ ಬೇಕಾದುದು ಇಲ್ಲಿಯೇ. ಮುರಕಲ್ಲಿನ ನೆಲದ ಬಾವಿಯ ನೀರು ಕುಡಿಯಲು ಸಿಹಿ, ಆದರೆ ಮೆದುವಾದುದು, ತುಸು ಹುಳಿಯ ಕಡೆಗೆ ವಾಲಿದುದು. ಗಪ್ಪಿಗಾದರೋ ಸುಣ್ಣದ ಅಂಶವುಳ್ಳ ಗಡುಸು ನೀರು ಹಿತ. ಮೆದು ನೀರಿನಲ್ಲಿ ಮರಿಗಳು ಸೊರಗುತ್ತವೆ. ರೆಕ್ಕೆಗಳನ್ನು ಮಡಚಿಕೊಂಡು ನಿಂತಲ್ಲಿಯೇ ಓಲಾಡುತ್ತವೆ. ಇದಕ್ಕೆ ಪರಿಹಾರವನ್ನು ಕಡಲೇ ಒದಗಿಸಿದೆ. ದಂಡೆಯಲ್ಲಿ ಬಿದ್ದಿರುವ ಚಿಪ್ಪುಗಳನ್ನು ಆಯ್ದು, ತೊಳೆದು, ಕುದಿಸಿ, ಒಡೆದು ಒಂದು ಹಿಡಿಯಷ್ಟನ್ನು ತೊಟ್ಟಿಯ ತಳದಲ್ಲಿ ಹರಡಿದರೆ, ಹುಳಿನೀರು ಅವನ್ನು ಮೆಲ್ಲಮೆಲ್ಲನೆ ಕರಗಿಸಿಕೊಂಡು ತಾನೇ ಗಡುಸಾಗುತ್ತದೆ. ನೀರನ್ನು ಹಿಂದಿನ ದಿನವೇ ಸೇದಿಡುವವರು ತಾಮ್ರದ ಹಂಡೆಯಲ್ಲಿ ಮಾತ್ರ ಇಡಬಾರದು. ನಮಗೆ ಪಥ್ಯವಾದ ತಾಮ್ರವು ಮೀನಿಗೆ ವಿಷ, ಮೆದು ನೀರಿನಲ್ಲಂತೂ ಕಡುವಿಷ. ನಲ್ಲಿಯ ನೀರಾದರೆ ಅದರಲ್ಲಿನ ಕ್ಲೋರಿನ್ ಹೋಗುವವರೆಗೆ ತೆರೆದಿಟ್ಟು ಬಳಸಬೇಕು. ಉಷ್ಣಮಾನವು 25ರಿಂದ 28 ಡಿಗ್ರಿ ಸೆಲ್ಸಿಯಸ್‌ವರೆಗೆ ಇದ್ದರೆ ಬೆಳವಣಿಗೆ ಚುರುಕು.

ಮರಿಯ ಹೊಟ್ಟೆ ಚಿಕ್ಕದು, ಹಸಿವು ದೊಡ್ಡದು. ಆದುದರಿಂದ ದಿನಕ್ಕೆ ನಾಲ್ಕೈದು ಸಲ, ಪ್ರತಿ ಸಲವೂ ಒಂದೆರಡು ನಿಮಿಷಗಳಲ್ಲಿ ತಿಂದು ಮುಗಿಸುವಷ್ಟನ್ನೇ ಕೊಡತಕ್ಕದ್ದು. ಆಹಾರಗಳಲ್ಲೆಲ್ಲ ಶ್ರೇಷ್ಠವಾದುದು ಆರ್ಟೀಮಿಯಾ ಎಂಬ ಉಪ್ಪುನೀರಿನ ಸೂಕ್ಷ್ಮ ಸಿಗಡಿಯ ಆಗತಾನೇ ಹೊರಬಂದ ಮರಿ. ಅದರ ಒಣ ಮೊಟ್ಟೆಗಳು ಅಂಗಡಿಯಲ್ಲಿ ದೊರೆಯುತ್ತವೆ. ಉಪ್ಪುನೀರಿನಲ್ಲಿ ಹಾಕಿ, ಬೆಳಕೂ ಗಾಳಿಗುಳ್ಳೆಗಳೂ ಸಿಕ್ಕುವಂತೆ ಮಾಡಿದರೆ ಒಂದು ಒಂದೂವರೆ ದಿನದಲ್ಲಿ ಒಡೆಯುತ್ತವೆ. ನಮಗೆ ಉಪ್ಪನ್ನು ತೂಗುವ ತೊಂದರೆಯಿಲ್ಲ. ಬೇಸಗೆಯ ಕಡಲ ನೀರು ಒಂದು ಕೊಡ ತಂದರೆ ಸಾಕು. ಇದಿಲ್ಲದವರು ಬೇಯಿಸಿದ ಕೋಳಿಮೊಟ್ಟೆಯ ಹಳದಿಯನ್ನು ತೆಳ್ಳನೆಯ ಬಟ್ಟೆಯಲ್ಲಿ ಕಟ್ಟಿ ನೀರಿನಲ್ಲಿ ಹಿಂಡಬಹುದು, ಆದರೆ ಸಾಸಿವೆ ಕಾಳಿನಷ್ಟು ಮಾತ್ರ.

ಈ ಸಾಸಿವೆ ಕಾಳಿನ ಲೆಕ್ಕವನ್ನು ನಾವು ಕಲಿತುದು ಕಷ್ಟದಿಂದ. ಒಂದು ಮಳೆಗಾಲದಲ್ಲಿ ನಮ್ಮಲ್ಲಿ ನಲವತ್ತರಷ್ಟು ಮರಿಗಳಿದ್ದುವು. ಬೇಗ ಬೆಳೆಯಲೆಂಬ ಆಸೆಯಿಂದ ಒಂದು ರಾತ್ರಿ ಹಳದಿಯನ್ನು ಧಾರಾಳವಾಗಿ ಹಿಂಡಿ ಮಲಗಿದೆವು. ವಿದ್ಯುತ್ತು ಹೋಗಿ ಗಾಳಿಯ ಯಂತ್ರವೂ ನಿಂತಿತು. ಬೆಳಗಾಗುವಾಗ ನೀರು ಮಜ್ಜಿಗೆಯಂತಾಗಿ, ಮರಿಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದುವು. ಗಾಬರಿಯಿಂದ ನೀರನ್ನೆಲ್ಲ ಚೆಲ್ಲಿ, ಆಗತಾನೇ ಸೇದಿದ ತಣ್ಣೀರನ್ನು ತುಂಬಿದೆವು. ಮಧ್ಯಾಹ್ನಕ್ಕೆ ಉಳಿದುವು ಆರು. ಮೊದಲ ಪೆಟ್ಟು ಕೊಳೆತ ಆಹಾರದಿಂದ ಹುಟ್ಟಿದ ಅಮೋನಿಯದ್ದು, ಗಾಳಿಯ ಕೊರತೆಯದ್ದು. ಎರಡನೆಯ ಪೆಟ್ಟು ನಮ್ಮದೇ. ಅಂಥ ಸಮಯದಲ್ಲಿ ನೀರನ್ನು ಬದಲಿಸಬೇಕಾದುದು ನಿಜ. ಆದರೆ ಹಳೆಯ ನೀರಿನಷ್ಟೇ ಬೆಚ್ಚಗಿನ ನೀರಿನಿಂದ, ಭಾಗಭಾಗವಾಗಿ ಬದಲಿಸಬೇಕಿತ್ತು. ಈಗ ವಾರಕ್ಕೆರಡು ಸಲ ಕಾಲುಭಾಗವನ್ನು ಮಾತ್ರ ತೆಗೆಯುತ್ತೇವೆ. ಶೋಧಕದ ಸ್ಪಂಜನ್ನು ತೆಗೆದ ನೀರಿನಲ್ಲಿಯೇ ಹಿಂಡುತ್ತೇವೆ. ಅಮೋನಿಯವನ್ನು ಅರಗಿಸುವ ಸೂಕ್ಷ್ಮಜೀವಿಗಳು ನೆಲೆಸಿರುವುದು ಅದರಲ್ಲಿಯೇ.

ಇಕ್ಕಟ್ಟಿನಲ್ಲಿ ಎಷ್ಟು ಉಣಿಸಿದರೂ ಮರಿ ಬೆಳೆಯದು. ಮೂರು ನಾಲ್ಕು ವಾರಗಳಾಗುವಾಗ ದೊಡ್ಡ ತೊಟ್ಟಿಗೆ ದಾಟಿಸಬೇಕು. ಆಗಲೇ ಗಂಡಿನ ಕೆಳರೆಕ್ಕೆ ಕಡ್ಡಿಯಂತೆ ಚೂಪಾಗತೊಡಗುತ್ತದೆ; ಗಂಡು ಹೆಣ್ಣುಗಳನ್ನು ಬೇರ್ಪಡಿಸಲು ಅದೇ ಕಾಲ. ತಡಮಾಡಿದರೆ ಎಳೆಯ ಹೆಣ್ಣುಗಳು ಬಸಿರಾಗಿ ತಮ್ಮ ಬೆಳವಣಿಗೆಯನ್ನು ಕಳೆದುಕೊಳ್ಳುತ್ತವೆ. ಒಂದೇ ಸಂತತಿಯಲ್ಲಿ ತಲೆತಲಾಂತರ ಕೂಡಿಸುತ್ತ ಹೋದರೆ ಬೆನ್ನು ಡೊಂಕಾದವೂ ಬಲಹೀನವಾದವೂ ಹೆಚ್ಚುವುದರಿಂದ, ಆಗಾಗ ಬೇರೆ ಮನೆಯ ಗಂಡನ್ನು ತರುವುದೊಳ್ಳೆಯದು.

ಹೀಗೆ ಸಾಕಿದರೆ ವರ್ಷದೊಳಗೆ ಮೀನು ಮಿತಿಮೀರುತ್ತದೆ. ಅದನ್ನು ಏನು ಮಾಡತಕ್ಕದ್ದು? ಹೊಳೆಗೋ ತೋಡಿಗೋ ಮದಗಕ್ಕೋ ಸುರಿದು ಪುಣ್ಯ ಕಟ್ಟಿಕೊಂಡೆವೆಂದು ಭಾವಿಸುವವರುಂಟು. ಇದು ತಪ್ಪು. ಪರದೇಶದ ಈ ಮೀನು ಅಲ್ಲಿ ನೆಲೆಯೂರಿದರೆ ನಮ್ಮ ನಾಡಮೀನುಗಳ ಆಹಾರಕ್ಕೆ ಪಾಲುದಾರನಾಗಿ, ಅವುಗಳ ಮೊಟ್ಟೆಮರಿಗಳಿಗೂ ಬಾಯಿಹಾಕುತ್ತದೆ. ತಲೆಯ ಮೇಲೆ ಬೆಳ್ಳಿಯ ಚುಕ್ಕೆ ಹೊಳೆಯುತ್ತ ನೀರಿನ ಮೇಲ್ಮೈಯಲ್ಲಿ ತೇಲುವ ಸಣ್ಣ ಮೀನನ್ನು ತಾವು ತೋಡುಗಳಲ್ಲಿ ಕಂಡಿರಬಹುದು; ಅದು ಯಾರೂ ಕರೆಯದೆಯೇ ಸೊಳ್ಳೆಮರಿಗಳನ್ನು ತಿನ್ನುತ್ತಿದೆ.

ಹರಿವಿಲ್ಲದ, ತೋಡಿಗೆ ಸಂಬಂಧವಿಲ್ಲದ ಬಾವಿ ಮತ್ತು ಸಿಮೆಂಟು ತೊಟ್ಟಿಗಳ ಮಾತು ಬೇರೆ. ಕೋಲಾರ ಜಿಲ್ಲೆಯ ಕೆಲವು ಹಳ್ಳಿಗಳಲ್ಲಿ ಮಲೇರಿಯಾ ಸಂಶೋಧಕರು ಬಾವಿಗಳಿಗೆ ಗಪ್ಪಿಯನ್ನು ಬಿಟ್ಟು, ಸೊಳ್ಳೆಯೂ ಜ್ವರವೂ ಇಳಿದುದನ್ನು 2005ರಲ್ಲಿ ಪ್ರಕಟಿಸಿದರು. ನಮ್ಮ ಹೆಚ್ಚುವರಿ ಮೀನುಗಳನ್ನು ನಾವು ಅಂಥ ತೊಟ್ಟಿಯುಳ್ಳವರಿಗೇ ಕೊಡುತ್ತೇವೆ. ಮೊದಲು ಹೇಳಿದ ಹಿರಿಯರು ಕಳೆದ ವರ್ಷ ಮನೆ ಕಟ್ಟಿಸುವಾಗ, ಗೋಡೆಗೆ ನೀರುಣಿಸಲು ತುಂಬಿಟ್ಟ ತೊಟ್ಟಿಯಲ್ಲಿ ಸೊಳ್ಳೆಯ ಮರಿಗಳು ಕುಣಿಯುವುದನ್ನು ಕಂಡು, ಒಂದು ತಂಬಿಗೆಯನ್ನು ಹಿಡಿದುಕೊಂಡು ನಮ್ಮ ಜಗಲಿಗೆ ಬಂದರು. ಹತ್ತು ಹೆಣ್ಣು, ಐದು ಗಂಡು ಎಣಿಸಿ ಕೊಟ್ಟೆವು. ತಂಬಿಗೆ ತಾಮ್ರದ್ದಾಗಿದ್ದುದರಿಂದ ಅದನ್ನು ಅಲ್ಲಿಯೇ ಇರಿಸಿಕೊಂಡು, ಮೀನನ್ನು ಬೇರೆ ಪಾತ್ರೆಯಲ್ಲಿ ಕಳುಹಿಸಬೇಕಾಯಿತು.