ಹಳೆಯ ಪಿಕಪ್ ಗಾಡಿ, ಸಣ್ಣ ಬಂಡವಾಳ
(ವಿದ್ಯಾರ್ಥಿ ಮಾರ್ಗದರ್ಶನ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಬರಹರೂಪ)

 

ಉರ್ದು, ಕನ್ನಡ ಪಾಠ ಹೇಳುವ ಮೇಷ್ಟ್ರು ಗ್ಯಾರೇಜಿನ ವಿಷಯ ಎತ್ತಿಕೊಂಡಿದ್ದಾರಲ್ಲ ಎಂದು ನಿಮ್ಮಲ್ಲಿ ಕೆಲವರಿಗೆ ನಗು ಬರಬಹುದು. ಆದರೆ ಗ್ಯಾರೇಜೂ ಒಂದು ಭಾಷೆಯ ತರಗತಿಯೇ. ಅಲ್ಲಿ ಸ್ಪ್ಯಾನರಿಗೆ ಪಾನಾ, ಸ್ಕ್ರೂ ಡ್ರೈವರಿಗೆ ಪೇಚ್‌ಕಸ್, ಟೈರಿನ ಗಾಳಿಗೆ ಹವಾ. ಕಲಿಸುವವರು ಉಸ್ತಾದ್, ಕಲಿಯುವವನು ಶಾಗಿರ್ದ್. ನಮ್ಮ ಮನೆಗಳ ಎಷ್ಟೋ ಹುಡುಗರು ಏಳನೇ ತರಗತಿಗೇ ಶಾಲೆ ಬಿಟ್ಟು ಶಾಗಿರ್ದರಾಗಿದ್ದಾರೆ. ಆ ನೋವು ನನಗಿದೆ. ಆದರೆ ಇಂದು ನಾನು ಮಾತನಾಡುವುದು ಓದು ಮುಗಿಸಿ ಸ್ವಂತ ಗಾಡಿ ಇಟ್ಟು ದುಡಿಯಬೇಕೆನ್ನುವವರ ಬಗ್ಗೆ.

ನಮ್ಮ ಗೌರಿಬಿದನೂರಿನ ಸುತ್ತ ಗಾಡಿಗೆ ಕೆಲಸವಿದೆ. ಮುಸುಕಿನ ಜೋಳ, ಟೊಮೆಟೊ, ಹೂವು, ತರಕಾರಿ ಹೊರಡಬೇಕು. ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆಗೂಡು ಹೋಗಬೇಕು. ಚಿಂತಾಮಣಿಯ ಮಂಡಿ, ಬೆಂಗಳೂರಿನ ಮಾರುಕಟ್ಟೆ ಇವೆ. 1986ರಲ್ಲಿ ಟಾಟಾ 407, 2005ರಲ್ಲಿ ಟಾಟಾ ಏಸ್ ಬಂದವು. ಮಹೀಂದ್ರಾ ಪಿಕಪ್ ಅಂತೂ ಹಳ್ಳಿಹಳ್ಳಿಯಲ್ಲೂ ಇದೆ. ಹೊಸದಕ್ಕೆ ಕಂತು ಕಟ್ಟುವ ಶಕ್ತಿ ಇಲ್ಲದವನು ಹಳೆಯದನ್ನು ಹುಡುಕುತ್ತಾನೆ. ಅಲ್ಲಿಯೇ ಅವನ ಪರೀಕ್ಷೆ ಶುರುವಾಗುತ್ತದೆ.

ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ತಂದೆ ತೀರಿಕೊಂಡಿದ್ದರು, ತಾಯಿ ಬಟ್ಟೆ ಹೊಲಿದು ಮನೆ ನಡೆಸುತ್ತಿದ್ದರು, ತಂಗಿ ಪಿಯುಸಿಯಲ್ಲಿದ್ದಳು. "ಸರ್, ಒಂದು ಪಿಕಪ್ ನೋಡಿದ್ದೀನಿ. ಎಂಜಿನ್ ಪಸಂದಾಗಿದೆ. ಬಣ್ಣ ಹೊಡೆಸಿಬಿಟ್ರೆ ಹೊಸದೇ. ಅಮ್ಮಿ ಬಳೆ ಅಡ ಇಡ್ತೀನಿ ಅಂತಾರೆ" ಎಂದ. "ಆರ್‌ಸಿ ಯಾರ ಹೆಸರಲ್ಲಿದೆಯಪ್ಪ?" ಎಂದು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ವಿಚಾರಿಸಿದರೆ ಗಾಡಿ ಮೂರು ಕೈ ದಾಟಿತ್ತು, ಕಾಗದ ಮೊದಲನೆಯವರ ಹೆಸರಿನಲ್ಲೇ ಇತ್ತು, ಫೈನಾನ್ಸಿನ ಸಾಲವೂ ತೀರಿರಲಿಲ್ಲ. ಆ ಗಾಡಿ ಬೇಡವೆಂದೆ. ಅವನ ಮುಖ ಸಪ್ಪಗಾಯಿತು, ಆದರೂ ಕೇಳಿದ.

ಮಿತ್ರರೇ, ಹಳೆಯ ಗಾಡಿಯ ಮೊದಲ ರಿಪೇರಿ ಕಾಗದದ ರಿಪೇರಿ. ಮಾಲೀಕತ್ವ ವರ್ಗಾವಣೆಗೆ ಫಾರಂ 29 ಮತ್ತು 30 ಬೇಕು. ಸಾಲ ನಮೂದಾಗಿದ್ದರೆ ಫಾರಂ 35ರ ಜೊತೆಗೆ ಸಾಲ ತೀರಿದೆ ಎಂಬ ಫೈನಾನ್ಸಿನವರ ಪತ್ರವೂ ಬೇಕು. ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ನಡುವಿನ ಮೊಕದ್ದಮೆಯಲ್ಲಿ 2018ರಲ್ಲಿ ಸುಪ್ರೀಂ ಕೋರ್ಟು, ಗಾಡಿ ಎಷ್ಟು ಕೈ ಬದಲಾದರೂ ನೋಂದಣಿ ಯಾರ ಹೆಸರಿನಲ್ಲಿದೆಯೋ ಅವರೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು ಹೇಳಿತು. ಮಾರುವವರೂ ಇದನ್ನು ನೆನಪಿಡಬೇಕು. ಇನ್ನು ಎಫ್‌ಸಿ. ಬಾಡಿಗೆ ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಮಾಡಿಸಬೇಕು. 2022ರ ಏಪ್ರಿಲ್‌ನಿಂದ 15 ವರ್ಷ ದಾಟಿದ ಗಾಡಿಗಳ ಎಫ್‌ಸಿ ಶುಲ್ಕ ಬಹಳ ಏರಿದೆ. ಹದಿನಾಲ್ಕು ವರ್ಷದ ಗಾಡಿ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗುವ ಮುನ್ನ ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಳ್ಳಿ.

ಎರಡು ತಿಂಗಳಾದ ಮೇಲೆ ಕಾಗದ ಸರಿಯಿದ್ದ ಇನ್ನೊಂದು ಗಾಡಿ ಸಿಕ್ಕಿತು. ಹನ್ನೊಂದು ವರ್ಷದ ಪಿಕಪ್, ನೋಡಲು ಕುರೂಪಿ. ಬಾಡಿ ತುಕ್ಕು, ಒಂದು ಬಾಗಿಲು ನುಗ್ಗಾಗಿತ್ತು. ನಾನು ಹೇಳಿದ್ದು ಇಷ್ಟೇ: ಕೈಯಲ್ಲಿ ನೂರು ರೂಪಾಯಿ ಇದ್ದರೆ ಅರವತ್ತೈದಕ್ಕೆ ಮೀರಿ ಗಾಡಿಗೆ ಕೊಡಬೇಡ, ಉಳಿದದ್ದು ರಿಪೇರಿಗೆ ಬೇಕು. ಉಸ್ತಾದರೊಬ್ಬರು ಜೊತೆಗೆ ಬಂದರು. ಬಂದವರೇ ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡಿದರು. ಎಂಜಿನ್ ಬಿಸಿಯಾಗಿದ್ದರೆ ಮಾರುವವರು ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ ಎಂದರ್ಥ; ತಣ್ಣಗಿರುವಾಗ ಹೇಗೆ ಎದ್ದೇಳುತ್ತದೆ ಎಂಬುದೇ ಮುಖ್ಯ. ಆಮೇಲೆ ಹೊಗೆ ನೋಡಿದರು. ಕಪ್ಪು ಹೊಗೆಯಾದರೆ ಏರ್ ಫಿಲ್ಟರ್ ಕಟ್ಟಿರಬಹುದು ಅಥವಾ ಇಂಜೆಕ್ಟರ್ ಕೆಟ್ಟಿರಬಹುದು, ಖರ್ಚು ತಡೆಯಬಹುದು. ನೀಲಿ ಹೊಗೆಯಾದರೆ ಆಯಿಲ್ ಉರಿಯುತ್ತಿದೆ, ಎಂಜಿನ್ ಬಿಚ್ಚಿಸಬೇಕಾದೀತು. ಆಯಿಲ್ ಹಾಲು ಬೆರೆಸಿದಂತೆ ಕಂಡರೆ ಅದಕ್ಕೆ ನೀರು ಸೇರಿದೆ. ಕೊನೆಗೆ ನೆಲದ ಮೇಲೆ ಮಲಗಿ ಚಾಸಿಯ ಉದ್ದಕ್ಕೂ ಟಾರ್ಚು ಬಿಟ್ಟರು. ಬಾಡಿಯ ತುಕ್ಕಿಗೆ ತಗಡು ಹಾಕಬಹುದು. ಚಾಸಿ ಬಿರುಕು ಬಿಟ್ಟು ವೆಲ್ಡಿಂಗ್ ಆಗಿದ್ದರೆ ಎದ್ದು ಬರಬೇಕು.

ಖರ್ಚಿನ ಸರದಿಯ ವಿಷಯದಲ್ಲಿ ನಮ್ಮ ಹುಡುಗರು ಎಡವುತ್ತಾರೆ. ಮೊದಲು ಬಣ್ಣ, ಸೀಟು ಕವರು, ಟೇಪು, ಗಾಜಿನ ಮೇಲೆ ಹೆಸರು. ಬ್ರೇಕಿನ ಹೊತ್ತಿಗೆ ದುಡ್ಡು ಮುಗಿದಿರುತ್ತದೆ. ಸಣ್ಣ ಬಂಡವಾಳ ನಡುವೆ ಎಲ್ಲೋ ಮುಗಿದೇ ಮುಗಿಯುತ್ತದೆ. ಆದ್ದರಿಂದ ಇಲ್ಲದಿದ್ದರೂ ನಡೆಯುವಂಥದ್ದನ್ನು ಕೊನೆಗೆ ಇಡಬೇಕು. ಲೋಡು ಹೇರಿಕೊಂಡು ಮಾಕಳಿದುರ್ಗದ ಕಡೆಯ ಇಳಿಜಾರಿನಲ್ಲಿ ಹೋಗುವವನಿಗೆ ಬಣ್ಣ ಏನು ಮಾಡೀತು? ಹುಡುಗ ಮೊದಲು ಬ್ರೇಕ್ ಲೈನರ್, ವೀಲ್ ಸಿಲಿಂಡರ್, ಮಾಸ್ಟರ್ ಸಿಲಿಂಡರಿನ ರಬ್ಬರು ಹೊಸದು ಹಾಕಿಸಿದ, ಹಳೆಯ ಬ್ರೇಕ್ ಆಯಿಲ್ ಪೂರ್ತಿ ಚೆಲ್ಲಿಸಿದ. ಆ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಬ್ರೇಕ್ ಕಾದಾಗ ಆ ನೀರು ಆವಿಯಾಗಿ ಪೆಡಲ್ ಮೆತ್ತಗಾಗಿಬಿಡುತ್ತದೆ. ನಂತರ ಸ್ಟೀರಿಂಗಿನ ಟೈ ರಾಡ್ ಎಂಡ್, ಮುಂದಿನ ಎರಡು ಹೊಸ ಟೈರು. ಹಿಂದಕ್ಕೆ ರಿಸೋಲ್ ಟೈರು ಹಾಕಿದ. ಮುಂದಕ್ಕೆ ಅದನ್ನು ಹಾಕಬಾರದು. ಆಮೇಲೆ ರೇಡಿಯೇಟರ್, ಹೋಸ್ ಪೈಪು, ಸುಲಿದು ಹೋಗಿದ್ದ ವೈರಿಂಗು.

ಎಂಜಿನನ್ನು ಬಿಚ್ಚಿಸಲಿಲ್ಲ. ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್, ಆಯಿಲ್ ಬದಲಿಸಿ, ಇಂಜೆಕ್ಟರ್ ಪರೀಕ್ಷೆ ಮಾಡಿಸಿ, ಟ್ಯಾಪೆಟ್ ಸರಿ ಮಾಡಿಸಿದ್ದಕ್ಕೆ ಕಪ್ಪು ಹೊಗೆ ನಿಂತಿತು. ಯಾರಾದರೂ "ಎಂಜಿನ್ ಇಳಿಸಬೇಕು" ಎಂದ ತಕ್ಷಣ ಒಪ್ಪಬೇಡಿ. ಕಂಪ್ರೆಷನ್ ಪರೀಕ್ಷೆ ಮಾಡಿ ತೋರಿಸಿ ಎನ್ನಿ.

ಬಾಗಿಲಿಗಾಗಿ ಅವನು ಬೆಂಗಳೂರಿಗೆ ಹೋದ. ಶಿವಾಜಿನಗರದ ಗುಜರಿಯಲ್ಲಿ ಹಳೆಯ ಸಾಮಾನು, ಜೆ.ಸಿ. ರಸ್ತೆಯಲ್ಲಿ ಹೊಸ ಬಿಡಿಭಾಗ ಸಿಗುತ್ತವೆ. ಬಾಗಿಲು, ಗಾಜು, ಬಂಪರ್, ಸೀಟಿನ ಚೌಕಟ್ಟು ಹಳೆಯದಾದರೂ ತೊಂದರೆಯಿಲ್ಲ. ಬ್ರೇಕ್, ಸ್ಟೀರಿಂಗ್, ಬೇರಿಂಗ್, ಹೋಸ್, ಬೆಲ್ಟುಗಳನ್ನು ಮಾತ್ರ ಗುಜರಿಯಿಂದ ತರಬಾರದು, ಎಷ್ಟೇ ಅಗ್ಗವಾದರೂ.

ಇಷ್ಟಕ್ಕೂ ಅವನ ಕೈಯಲ್ಲಿ ಒಂದು ನೋಟ್ ಪುಸ್ತಕವಿತ್ತು. ಒಂದು ಕಡೆ ಸಾಮಾನು, ಇನ್ನೊಂದು ಕಡೆ ಕೂಲಿ. ಬದಲಿಸಿದ ಹಳೆಯ ಭಾಗವನ್ನು ಕೇಳಿ ಇಸಿದುಕೊಳ್ಳುತ್ತಿದ್ದ. ಅದಕ್ಕೆ ಒಬ್ಬ ಮೆಕ್ಯಾನಿಕ್ ಸಿಟ್ಟಾದನಂತೆ. ಉಸ್ತಾದರು ಮಾತ್ರ ಮೆಚ್ಚಿಕೊಂಡರು. ಗಾಡಿ ಓಡಲು ಶುರುವಾದ ಮೇಲೂ ಆ ಪುಸ್ತಕ ನಿಲ್ಲಲಿಲ್ಲ. ಪ್ರತಿ ಬಾಡಿಗೆಯಲ್ಲಿ ಡೀಸೆಲ್ ಕಳೆದು, ಟೈರಿಗೆಂದು, ಎಫ್‌ಸಿ ಮತ್ತು ವಿಮೆಗೆಂದು ಸ್ವಲ್ಪ ಬೇರೆ ತೆಗೆದಿಡುತ್ತಾನೆ. ಆ ದುಡ್ಡನ್ನು ಲಾಭವೆಂದು ಎಣಿಸುವವರ ಗಾಡಿಯೇ ಮೊದಲು ಫೈನಾನ್ಸಿನವರ ಪಾಲಾಗುವುದು. ಹಲಗೆ ಎತ್ತರಿಸಿ ಹೆಚ್ಚು ಲೋಡು ಹೇರು ಎಂದು ಮಂಡಿಯವರು ಒತ್ತಾಯಿಸಿದರೂ ಅವನು ಒಪ್ಪಲಿಲ್ಲ. 2019ರ ತಿದ್ದುಪಡಿಯಂತೆ ಓವರ್‌ಲೋಡಿಗೆ ಕಾಯ್ದೆಯಲ್ಲಿರುವ ದಂಡ 20,000 ರೂಪಾಯಿ, ಅದರ ಮೇಲೆ ಹೆಚ್ಚುವರಿ ಪ್ರತಿ ಟನ್ನಿಗೆ 2,000. ಹನ್ನೊಂದು ವರ್ಷದ ಪಟ್ಟಾಗಳು ಆ ಭಾರ ತಡೆಯುವುದೂ ಇಲ್ಲ.

ತಾಯಿಯ ಬಳೆಗಳನ್ನು ಎರಡನೇ ವರ್ಷ ಬಿಡಿಸಿಕೊಂಡ. ತಂಗಿ ಪದವಿಗೆ ಸೇರಿದಳು. ಗಾಡಿಗೆ ಇನ್ನೂ ಬಣ್ಣ ಆಗಿಲ್ಲ. ಎಡ ಬಾಗಿಲು ಬಿಳಿ, ಶಿವಾಜಿನಗರದಿಂದ ತಂದ ಬಲ ಬಾಗಿಲು ನೀಲಿ. ಬಸ್ ನಿಲ್ದಾಣದ ಬಳಿ ನಿಂತಿದ್ದರೆ ನೀವೂ ಗುರುತಿಸಬಹುದು.