ಬಾಸ್ ಗಿಟಾರಿಗೆ ವಾಲ್ವಿನ ಪ್ರೀ-ಆಂಪ್: ಕೊಳ್ಳುವ ಮುನ್ನ ನಾಲ್ಕು ಮಾತು

(ಉಪ್ಪಲ್‌ನ ನಮ್ಮ ಉಚಿತ ವಾಚನಾಲಯದಲ್ಲಿ ಭಾನುವಾರ ಸಂಜೆ ಮಾಡಿದ ಭಾಷಣ)



ಪುಸ್ತಕಗಳ ನಡುವೆ ನಿಂತು ವಾದ್ಯದ ಯಂತ್ರವೊಂದರ ವಿಷಯ ಮಾತನಾಡುವುದು ಕೆಲವರಿಗೆ ವಿಚಿತ್ರವಾಗಿ ಕಾಣಬಹುದು. ಆದರೆ ಸಮಿತಿಯ ಮುಂದೆ ಒಂದು ಬೇಡಿಕೆ ಬಂದಿದೆ. ಕಳೆದ ರಾಜ್ಯೋತ್ಸವದಂದು ನಮ್ಮ ಹುಡುಗರು ಚೆನ್ನಾಗಿಯೇ ನುಡಿಸಿದರು. ಬಾಸ್ ಗಿಟಾರು ಮಾತ್ರ ಮೂರನೆಯ ಸಾಲಿನ ಆಚೆಗೆ ಯಾರ ಕಿವಿಗೂ ಬೀಳಲಿಲ್ಲ. ವಾಲ್ವು ಇರುವ ಪ್ರೀ-ಆಂಪ್ ಪೆಡಲ್ ಒಂದನ್ನು ಕೊಂಡರೆ ಈ ಕೊರತೆ ನೀಗುತ್ತದೆ ಎಂದು ಅವರ ನಂಬಿಕೆ. ಹಣ ಸದಸ್ಯರ ಚಂದಾದಿಂದ ಬರಬೇಕು. ನಾಚಾರಂ, ಮಲ್ಲಾಪುರದ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿ ಮಾಡುವವರು, ಕಚೇರಿಗಳಲ್ಲಿ ಗುಮಾಸ್ತಿಕೆ ಮಾಡುವವರು ಕೊಟ್ಟ ಹಣ ಅದು. ಈ ಕೊಠಡಿಯ ಪತ್ರಿಕೆಗಳೂ ಆ ಹಣದಲ್ಲಿಯೇ ಬರುತ್ತವೆ. ರೇಡಿಯೋ ರಿಪೇರಿಯ ಅನುಭವವುಳ್ಳವನೆಂದು ಈ ವಿಷಯದಲ್ಲಿ ನಾಲ್ಕು ಮಾತು ಹೇಳಲು ನನಗೆ ಅಪ್ಪಣೆಯಾಗಿದೆ.

ಮೊದಲು ಈ ವಸ್ತು ಏನೆಂದು ನೋಡೋಣ. ಗಿಟಾರಿನ ತಂತಿ ಕಂಪಿಸಿದಾಗ ಅದರ ಕೆಳಗಿನ ಪಿಕಪ್ಪಿನಲ್ಲಿ ಅತಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ. ಅದನ್ನು ತಕ್ಕಮಟ್ಟಿಗೆ ದೊಡ್ಡದು ಮಾಡಿ, ನಾದವನ್ನು ತಿದ್ದಿ, ಮುಂದಿನ ಆಂಪ್ಲಿಫೈಯರಿಗೋ ಮಿಕ್ಸರಿಗೋ ಒಪ್ಪಿಸುವ ಪೆಟ್ಟಿಗೆಯೇ ಪ್ರೀ-ಆಂಪ್. ನೆಲದ ಮೇಲಿಟ್ಟು ಕಾಲಿನಿಂದ ಒತ್ತುವುದರಿಂದ ಅದಕ್ಕೆ ಪೆಡಲ್ ಎಂಬ ಹೆಸರು.

ಬಾಸ್ ಗಿಟಾರು ಬಹಳ ಹಳೆಯ ವಾದ್ಯವಲ್ಲ. ಅಮೆರಿಕದ ಲಿಯೊ ಫೆಂಡರ್ ತನ್ನ ಪ್ರಿಸಿಷನ್ ಬಾಸನ್ನು ಮಾರುಕಟ್ಟೆಗೆ ತಂದದ್ದು 1951ರಲ್ಲಿ. ಅದರ ಅತಿ ಕೆಳಗಿನ ತಂತಿಯನ್ನು ಮೀಟಿದರೆ ಸೆಕೆಂಡಿಗೆ ಸುಮಾರು 41 ಕಂಪನ. ನಮ್ಮಲ್ಲಿರುವಂಥ ಸಣ್ಣ ಧ್ವನಿವರ್ಧಕಗಳು 80ಕ್ಕಿಂತ ಕೆಳಗೆ ಸೊರಗಿಬಿಡುತ್ತವೆ. ಹಾಗಾದರೆ ಆ ಸ್ವರ ಕೇಳುವುದು ಹೇಗೆ? ಇಲ್ಲಿ ಪ್ರಕೃತಿಯೇ ಒಂದು ಉಪಕಾರ ಮಾಡಿದೆ. ತಂತಿ 41ರ ಜೊತೆಗೆ 82, 124, 165 ಎಂಬ ಮೇಲಿನ ಕಂಪನಗಳನ್ನೂ ಹೊರಡಿಸುತ್ತದೆ. ಇವುಗಳನ್ನು ಕೇಳಿದರೆ ಸಾಕು, ಕಿವಿಯು ಇಲ್ಲದ 41ನ್ನು ತಾನೇ ತುಂಬಿಕೊಳ್ಳುತ್ತದೆ. ಹಳೆಯ ಟೆಲಿಫೋನಿನ ತಂತಿ 300ಕ್ಕಿಂತ ಕೆಳಗಿನ ಕಂಪನಗಳನ್ನು ಸಾಗಿಸುತ್ತಿರಲಿಲ್ಲ. ಗಂಡಸಿನ ದನಿಯ ಮೂಲ ಕಂಪನ ಅದಕ್ಕಿಂತ ಎಷ್ಟೋ ಕೆಳಗಿನದು. ಆದರೂ ಊರಿನಿಂದ ತಂದೆಯವರು ಮಾತನಾಡಿದರೆ ಅದು ತಂದೆಯವರ ದನಿಯೇ ಎಂದು ನಮಗೆ ತಿಳಿಯುತ್ತಿತ್ತಲ್ಲವೆ?

ವಾಲ್ವಿನ ಗುಣ ಇರುವುದೂ ಇಲ್ಲಿಯೇ. ಅದು ನಾದವನ್ನು ದೊಡ್ಡದು ಮಾಡುವಾಗ ಮೇಲಿನ ಕಂಪನಗಳನ್ನು ತುಸು ಸೇರಿಸುತ್ತದೆ. ಲೆಕ್ಕದಲ್ಲಿ ಇದು ದೋಷ. ಕಿವಿಗೆ ಇದು ಹಿತ. ತಂಬೂರಿಯ ಕುದುರೆಯ ಮೇಲೆ ತಂತಿಯಡಿ ಒಂದು ನೂಲೆಳೆ ಇಟ್ಟು ಸರಿಸಿದಾಗ ನಾದ ಅರಳುವುದನ್ನು ತಾವು ಕೇಳಿದ್ದೀರಿ. ಅಲ್ಲಿಯೂ ಆಗುವುದು ಮೇಲಿನ ಕಂಪನಗಳ ಏಳಿಗೆಯೇ. ಆದ್ದರಿಂದ ಹುಡುಗರ ಬೇಡಿಕೆ ಕೇವಲ ಶೋಕಿಯದು ಎಂದು ತಳ್ಳಿಹಾಕುವಂತಿಲ್ಲ.

ವಾಲ್ವು ನಮಗೆ ಅಪರಿಚಿತವೂ ಅಲ್ಲ. 1904ರಲ್ಲಿ ಫ್ಲೆಮಿಂಗ್ ಎರಡು ಧ್ರುವಗಳ ವಾಲ್ವನ್ನು ಮಾಡಿದ. 1906ರಲ್ಲಿ ಲೀ ಡಿ ಫಾರೆಸ್ಟ್ ಅದಕ್ಕೆ ಮೂರನೆಯದನ್ನು ಸೇರಿಸಿದ. ಈ ನಾಚಾರಂನಲ್ಲಿ ಘಟಕವಿರುವ ಭಾರತ್ ಎಲೆಕ್ಟ್ರಾನಿಕ್ಸಿನ ತವರು ಬೆಂಗಳೂರಿನ ಜಾಲಹಳ್ಳಿ. 1954ರಲ್ಲಿ ಸ್ಥಾಪನೆಯಾದ ಆ ಸಂಸ್ಥೆ 1961ರಲ್ಲಿ ರೇಡಿಯೋ ವಾಲ್ವುಗಳನ್ನು, ಮರುವರ್ಷವೇ ಜರ್ಮೇನಿಯಂ ಸಾಧನಗಳನ್ನು ತಯಾರಿಸತೊಡಗಿತು. ಒಂದು ಬಂದ ಬೆನ್ನಿಗೇ ಅದನ್ನು ಹಿಂದೆ ಹಾಕುವ ಇನ್ನೊಂದು ಬಂತು. ರೇಡಿಯೋಗಳಿಂದ ವಾಲ್ವು ಮರೆಯಾಯಿತು. ಗಿಟಾರಿನವರು ಮಾತ್ರ ಅದನ್ನು ಬಿಡಲಿಲ್ಲ. ಪೆಡಲುಗಳಲ್ಲಿ ಹೆಚ್ಚಾಗಿ ಕಾಣುವುದು 12ಎಎಕ್ಸ್7 ಎಂಬ ವಾಲ್ವು; ಇಸಿಸಿ83 ಎಂಬುದೂ ಅದೇ. ಈಗ ಅದು ಸ್ಲೊವಾಕಿಯ, ರಷ್ಯ, ಚೀನಗಳಿಂದ ಬರಬೇಕು. 2022ರಲ್ಲಿ ಯುಕ್ರೇನಿನ ಯುದ್ಧದಿಂದಾಗಿ ಅದಕ್ಕೆ ಅಭಾವ ತಲೆದೋರಿತ್ತು. ಅಂದಮೇಲೆ ಬದಲಿ ವಾಲ್ವಿನ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇನ್ನು ನಾನು ಮೋಸಹೋದ ಕಥೆ. ಕೆಲವು ವರ್ಷಗಳ ಹಿಂದೆ ಒಂದು ಅಂಗಡಿಯಲ್ಲಿ ಇಂಥದೇ ಪೆಡಲ್ ಒಂದನ್ನು ಕಂಡೆ. ಮುಂದೆ ಸಣ್ಣ ಗಾಜಿನ ಕಿಟಕಿ. ಒಳಗೆ ವಾಲ್ವು ಕೆಂಡದಂತೆ ಹೊಳೆಯುತ್ತಿತ್ತು. ನಮ್ಮ ಹಳೆಯ ರೇಡಿಯೋದ ನೆನಪಾಗಿ ಮನಸ್ಸು ಕರಗಿತು. ಮನೆಗೆ ಕಳುಹಿಸಬೇಕಾದ ಹಣದಲ್ಲಿ ಮುರಿದು ಕೊಟ್ಟು ಕೊಂಡುತಂದೆ. ವಾರ ಕಳೆದ ಮೇಲೆ ಅನುಮಾನ ಬಂದು ಬಿಚ್ಚಿ ನೋಡಿದರೆ, ವಾಲ್ವಿನ ಬೆನ್ನಿಗೆ ಒಂದು ಎಲ್.ಇ.ಡಿ. ದೀಪ! ಕರೆಂಟು ತೆಗೆದು ವಾಲ್ವನ್ನು ಕಿತ್ತಿಟ್ಟು ಮತ್ತೆ ಹಾಕಿದೆ. ದೀಪವೂ ಉರಿಯಿತು, ಗಿಟಾರೂ ಮೊದಲಿನಂತೆಯೇ ನುಡಿಯಿತು. ವಾಲ್ವು ಅಲ್ಲಿ ಉತ್ಸವಮೂರ್ತಿಯಾಗಿ ಕುಳಿತಿತ್ತು, ಅಷ್ಟೆ. ಆ ತಿಂಗಳು ಊರಿಗೆ ಹಣ ಕಡಮೆ ಹೋಯಿತು. ಕಾರಣ ಬರೆಯಲು ನನಗೆ ನಾಚಿಕೆಯಾಯಿತು.

ಆ ಪಾಠದಿಂದ ಕಲಿತ ಮೂರು ಪರೀಕ್ಷೆಗಳನ್ನು ಹೇಳುತ್ತೇನೆ. ಇದಕ್ಕೆ ಪೆಟ್ಟಿಗೆ ಬಿಚ್ಚಬೇಕಾಗಿಲ್ಲ.

ಮೊದಲನೆಯದು ಕಾಲದ ಪರೀಕ್ಷೆ. ವಾಲ್ವು ಬಿಸಿಯಾಗದೆ ಕೆಲಸ ಮಾಡದು. ಸ್ವಿಚ್ಚು ಒತ್ತಿದ ಕ್ಷಣವೇ ಬೆಳಗುವುದು ಎಲ್.ಇ.ಡಿ.; ವಾಲ್ವಿನ ಒಳಗಿನ ಕೆಂಪು ಮಂದವಾಗಿ, ನಿಧಾನವಾಗಿ ಬರುತ್ತದೆ. ಅಲಂಕಾರಕ್ಕೆ ದೀಪವಿಟ್ಟವರೆಲ್ಲ ಮೋಸಗಾರರಲ್ಲ. ಆದ್ದರಿಂದ ನಾದವನ್ನೇ ನಂಬಬೇಕು. ಪೆಡಲನ್ನು ಒತ್ತಿ ಚಾಲೂ ಸ್ಥಿತಿಯಲ್ಲಿಟ್ಟು, ತಂತಿ ಮೀಟುತ್ತಲೇ ಕರೆಂಟು ಕೊಡಿ. ಹತ್ತಿಪ್ಪತ್ತು ಸೆಕೆಂಡು ಸುಮ್ಮನಿದ್ದು ಆಮೇಲೆ ನಾದ ಏರಿಬಂದರೆ ವಾಲ್ವು ದುಡಿಯುತ್ತಿದೆ. ತಟ್ಟನೆ ಪೂರ್ಣವಾಗಿ ಬಂದರೆ ಸಂಶಯಪಡಿ.

ಎರಡನೆಯದು ಬ್ಯಾಟರಿಯ ಪರೀಕ್ಷೆ. ಈ ವಾಲ್ವಿನ ಫಿಲಮೆಂಟಿಗೆ 12.6 ವೋಲ್ಟಿನಲ್ಲಿ 150 ಮಿಲಿಆಂಪಿಯರ್, ಅಂದರೆ ಹತ್ತಿರ ಹತ್ತಿರ ಎರಡು ವಾಟು ಬೇಕು. ಚಿಕ್ಕ 9 ವೋಲ್ಟಿನ ಬ್ಯಾಟರಿ ಈ ಹೊರೆಯನ್ನು ಬಹಳ ಹೊತ್ತು ತಾಳಲಾರದು. ತಿಂಗಳುಗಟ್ಟಲೆ ಬ್ಯಾಟರಿಯಲ್ಲಿ ನಡೆಯುತ್ತದೆ ಎಂದರೆ ನಂಬಬೇಡಿ. 2015ರಲ್ಲಿ ಕೊರ್ಗ್ ಸಂಸ್ಥೆ ಪ್ರಕಟಿಸಿದ ನ್ಯೂಟ್ಯೂಬ್ ಎಂಬ ಹೊಸ ಜಾತಿ ಕಡಮೆ ವಿದ್ಯುತ್ತಿನಲ್ಲಿ ನಡೆಯುತ್ತದೆ. ಅದು ಬೇರೆ ಮಾತು.

ಮೂರನೆಯದು ಒಂದೇ ಪ್ರಶ್ನೆ: “ಪ್ಲೇಟಿಗೆ ಎಷ್ಟು ವೋಲ್ಟು ಕೊಡುತ್ತೀರಿ?” ಈ ವಾಲ್ವಿನ ಕೈಪಿಡಿಯಲ್ಲಿ ಮಾದರಿಯಾಗಿ ಕೊಡುವುದು 100 ಮತ್ತು 250 ವೋಲ್ಟಿನ ಲೆಕ್ಕ. ಟೂ ನೋಟ್ಸ್ ಸಂಸ್ಥೆಯ ಲೆ ಬಾಸ್ ಪೆಡಲಿನಲ್ಲಿ 200 ವೋಲ್ಟು ಇದೆ. ಬರೀ 12 ವೋಲ್ಟು ಕೊಟ್ಟರೆ ವಾಲ್ವು ಅರೆಹೊಟ್ಟೆಯಲ್ಲಿ ದುಡಿದಂತೆ. ಜೋರಾಗಿ ಮೀಟಿದೊಡನೆ ನಾದ ಒಡೆಯುತ್ತದೆ. ಒರಟು ನಾದವೇ ಬೇಕೆಂಬವರಿಗೆ ಅದೂ ಸರಿಯೆ. ಶುದ್ಧವಾದ, ತುಂಬು ಮಂದ್ರ ಬೇಕೆಂಬವರಿಗೆ ಅದು ಸಲ್ಲದು. ಉತ್ತರ ಹೇಳಲಾರದ ಅಂಗಡಿಯಲ್ಲಿ ಕೊಳ್ಳಬೇಡಿ.

ಅಪಾಯದ ಮಾತನ್ನೂ ಹೇಳಲೇಬೇಕು. ಅಮೆರಿಕದಲ್ಲಿರುವ ಬಂಧುಗಳು ಪೆಡಲ್ ತಂದುಕೊಟ್ಟರೆ ಅಡಾಪ್ಟರಿನ ಮೇಲಿನ ಅಕ್ಷರ ಓದಿ. 120 ವೋಲ್ಟಿನದನ್ನು ನಮ್ಮ 230ಕ್ಕೆ ಚುಚ್ಚಿದರೆ ಅದು ಸುಟ್ಟಿತೆಂದೇ ತಿಳಿಯಿರಿ. ಏಸಿಯೋ ಡೀಸಿಯೋ, ನಡುವಿನ ಕಡ್ಡಿ ಧನವೋ ಋಣವೋ ಎಂಬುದನ್ನೂ ನೋಡಿ. ಹೆಚ್ಚು ವೋಲ್ಟಿನ ಪೆಟ್ಟಿಗೆಯಲ್ಲಿ ಕರೆಂಟು ತೆಗೆದ ಮೇಲೂ ಆಘಾತ ಉಳಿದಿರುತ್ತದೆ; ತಿಳಿಯದವರು ಬಿಚ್ಚಬಾರದು. ಗುಂಯ್ ಎನ್ನುವ ಸದ್ದನ್ನು ಕಳೆಯಲೆಂದು ಪ್ಲಗ್ಗಿನ ಅರ್ತಿಂಗ್ ಕಡ್ಡಿಯನ್ನು ಮುರಿಯುವ ಅಭ್ಯಾಸ ನಮ್ಮ ಪೆಂಡಾಲುಗಳಲ್ಲಿದೆ. ಅದನ್ನು ಮಾಡಲೇಬೇಡಿ. 1972ರ ಮೇ ತಿಂಗಳಲ್ಲಿ ವೇಲ್ಸಿನ ಸ್ವಾನ್ಸೀಯಲ್ಲಿ ಲೆಸ್ ಹಾರ್ವಿ ಎಂಬ ಗಿಟಾರು ವಾದಕ ಅರ್ತಿಂಗ್ ಸರಿಯಿಲ್ಲದ ಮೈಕನ್ನು ಮುಟ್ಟಿ ರಂಗದ ಮೇಲೆಯೇ ಪ್ರಾಣಬಿಟ್ಟ. ಸದ್ದು ಕಳೆಯಲು ಒಳ್ಳೆಯ ಪೆಡಲಿನಲ್ಲಿಯೇ ಗ್ರೌಂಡ್ ಲಿಫ್ಟ್ ಎಂಬ ಗುಂಡಿ ಇರುತ್ತದೆ. ಅದು ಸಿಗ್ನಲ್ ತಂತಿಯ ಅರ್ತನ್ನು ಮಾತ್ರ ಬಿಡಿಸುತ್ತದೆ.

ಈಗ ನಮ್ಮ ವ್ಯವಹಾರಕ್ಕೆ ಬರೋಣ. ರಾಜ್ಯೋತ್ಸವದಂದು ಬಾಸ್ ಏಕೆ ಕೇಳಲಿಲ್ಲ? ನಾನು ಆಮೇಲೆ ಹೋಗಿ ನೋಡಿದೆ. ಗಿಟಾರಿನ ಉದ್ದನೆಯ ವೈರನ್ನು ನೇರವಾಗಿ ಮಿಕ್ಸರಿನ ಮೈಕ್ ತೂತಿಗೆ ಚುಚ್ಚಿದ್ದರು. ಸಾಮಾನ್ಯ ಪಿಕಪ್ಪಿನ ಮುಂದೆ ಹತ್ತು ಲಕ್ಷ ಓಮಿನಷ್ಟು ತಡೆ ಇರಬೇಕು. ಮೈಕ್ ತೂತಿನಲ್ಲಿರುವುದು ಒಂದೆರಡು ಸಾವಿರ ಓಂ. ಬಾಯಾರಿದವನು ಬಾವಿ ಬತ್ತಿಸಿದಂತೆ ಅದು ಗಿಟಾರಿನ ಶಕ್ತಿಯನ್ನೆಲ್ಲ ಹೀರಿಬಿಟ್ಟಿತು. ಈ ರೋಗಕ್ಕೆ ಮದ್ದು ಡಿ.ಐ. ಬಾಕ್ಸ್ ಎಂಬ ಸಾದಾ ಪೆಟ್ಟಿಗೆ. ವಾಲ್ವಿನ ಪೆಡಲಿನ ಬೆಲೆಯ ಸಣ್ಣ ಭಾಗದಲ್ಲಿ ಅದು ದೊರೆಯುತ್ತದೆ.

ಆದಕಾರಣ ನನ್ನ ಸಲಹೆ ಇಷ್ಟು. ಮೊದಲು ಡಿ.ಐ. ಬಾಕ್ಸ್ ತರಿಸೋಣ, ತಂತಿಗಳನ್ನು ಬದಲಾಯಿಸೋಣ, ವೈರುಗಳ ಬೆಸುಗೆಯನ್ನು ನಾನೇ ಮಾಡಿಕೊಡುತ್ತೇನೆ, ಕೂಲಿ ಬೇಡ. ಆಗಲೂ ನಾದ ಸಪ್ಪೆ ಎನಿಸಿದರೆ, ನಮ್ಮ ಗಿಟಾರನ್ನೇ ಹಿಡಿದುಕೊಂಡು ಅಂಗಡಿಗೆ ಹೋಗಿ, ಎರಡು ಬಗೆಯ ಪೆಡಲುಗಳನ್ನು ಹೋಲಿಸಿ ಕೇಳೋಣ. ಒಂದು, ಹೊಟ್ಟೆತುಂಬ ವೋಲ್ಟು ತಿನ್ನುವ ನಿಜವಾದ ವಾಲ್ವಿನದು. ಇನ್ನೊಂದು, ವಾಲ್ವೇ ಇಲ್ಲದೆ ಅದರ ಗುಣವನ್ನು ಅನುಕರಿಸುವ, ಸಾನ್ಸ್‌ಆಂಪ್ ಬಾಸ್ ಡ್ರೈವರಿನಂಥದು. ನುಡಿಸುವವನು ಕೊಠಡಿಯ ಒಂದು ಕಡೆ ಇರಲಿ; ಕೇಳುವವರು ಪೆಡಲಿನ ಕಡೆ ಬೆನ್ನು ಮಾಡಿ ಕೂರಲಿ. ಕಣ್ಣಿಗೆ ದೀಪ ಕಾಣದಿದ್ದಾಗ ಕಿವಿ ಸತ್ಯ ಹೇಳುತ್ತದೆ. ಹಾಗೆ ಕೇಳಿಯೂ ವಾಲ್ವೇ ಮೇಲೆನಿಸಿದರೆ, ಅದಕ್ಕೆ ಮೊದಲ ಚಂದಾ ನನ್ನದು.

ತರುಣ ಮಿತ್ರರು ಬೇಸರಪಡಬಾರದು. ನಿಮ್ಮ ಆಸೆಗೆ ಅಡ್ಡಿ ಬರಲು ನಾನು ನಿಂತಿಲ್ಲ. ಪರಊರಿನಲ್ಲಿ ವಾರವೆಲ್ಲ ದುಡಿದು ಭಾನುವಾರ ಕನ್ನಡದ ಹಾಡಿಗೆ ಸೇರುವ ಜನ ನಾವು. ಕೊನೆಯ ಸಾಲಿನಲ್ಲಿ ನಿಂತವನಿಗೂ ನಿಮ್ಮ ಬಾಸ್ ಕೇಳಬೇಕು. ಅವನು ಕೊಟ್ಟ ಹಣವೂ ವ್ಯರ್ಥವಾಗಬಾರದು. ಇವೆರಡೂ ಒಟ್ಟಿಗೆ ಆಗುವ ದಾರಿ ಇದೆ ಎಂದು ನನಗೆ ತೋರಿದ್ದರಿಂದ ಇಷ್ಟು ಹೇಳಿದೆ.